ಬೈಗುಳಕ್ಕೆ ಅಳುಕದ ಭಿಕ್ಷು

ಕೋಪ ಗೆಲ್ಲುವುದು ಹೇಗೆ ಅಂತ ಹುಡುಗರಿಗೆ ಕಲಿಸಲು ನನಗಿಂತ ಯೋಗ್ಯ ಮನುಷ್ಯ ಮಾಲೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಕಾರಣವಿತ್ತು. ನಿವೃತ್ತನಾಗುವವರೆಗೂ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನು ನಾನು. ಬಿಲ್ಲು ಕೈಗೆ ಕೊಟ್ಟ ಕೂಡಲೇ ಜನ ಬೈಗುಳವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ನಾನು ನಗುತ್ತಲೇ ಮುಂದಿನ ಮನೆಗೆ ಹೋಗುತ್ತಿದ್ದೆ.

ಹೀಗಾಗಿ ನಮ್ಮ ಬುದ್ಧ ವಿಹಾರದಲ್ಲಿ ಭಾನುವಾರ ಕಾಲೇಜು ಹುಡುಗ ಹುಡುಗಿಯರಿಗೆ ಧ್ಯಾನ ಹೇಳಿಕೊಡುವ ಕೆಲಸ ಹೊತ್ತುಕೊಂಡೆ. ಕಣ್ಣು ಮುಚ್ಚಿಸಿ ಕೂರಿಸಿದರೆ ಅರ್ಧ ಜನ ತೂಕಡಿಸುತ್ತಿದ್ದರು, ಮಿಕ್ಕವರು ಅವರನ್ನು ನೋಡಿ ನಗುತ್ತಿದ್ದರು. ಆಗ ಹೊಳೆದದ್ದು ನಾಟಕ. ಊರಿಗೆ ಬಂದ ಭಿಕ್ಷುವನ್ನು ಹೆಂಗಸೊಬ್ಬಳು ಬಾಯಿಗೆ ಬಂದಂತೆ ಬೈಯುತ್ತಾಳೆ. ಭಿಕ್ಷು ನಗುತ್ತಾ ಕೂತಿರುತ್ತಾನೆ. ಬೈದು ಸುಸ್ತಾಗಿ ಅವಳೂ ಪಕ್ಕದಲ್ಲಿ ಕೂರುತ್ತಾಳೆ. ಅಷ್ಟೇ ಕಥೆ. ಭಿಕ್ಷು ಯಾರಾಗಬೇಕು ಎಂಬುದರ ಬಗ್ಗೆ ಚರ್ಚೆ ನಡೆಯಲಿಲ್ಲ. ನಾನು ಅವಕಾಶ ಕೊಡಲಿಲ್ಲ.

ಬೈಯುವ ಪಾತ್ರ ಟೇಕಲ್‌ನಿಂದ ಬರುವ ಮಂಜುಳಾಗೆ. ನಿಜವಾಗಿ ಧ್ಯಾನ ಮಾಡುತ್ತಿದ್ದವಳು ಅವಳೊಬ್ಬಳೇ. ಮೊದಲು ಬಾಯೇ ಬಿಡದ ಹುಡುಗಿ, ಈಚೆಗೆ ನಾಲ್ಕು ಮಾತಾಡುತ್ತಿದ್ದಳು. ಅಭ್ಯಾಸದಲ್ಲಿ ಅವಳು, "ನೀವು ಒಳ್ಳೆಯವರಲ್ಲ ಸಾರ್" ಅಂತ ಬೈದಳು.

"ಸಾರ್ ಅಂದ್ರೆ ಬೈಗುಳ ಹೇಗಾಗುತ್ತಮ್ಮಾ? ನಿಜವಾಗ್ಲೂ ಬೈಯಿ. ನನಗೆ ನಾಟಬೇಕು."

"ಏನಂತ ಬೈಲಿ ಸಾರ್?"

"ಅದನ್ನ ನೀನೇ ಹುಡುಕ್ಕೋ. ನನ್ನ ಚಿಂತೆ ಬೇಡ."

ಹುಡುಕಿದಳು.

ಹುಣ್ಣಿಮೆಯ ದಿನ ವಿಹಾರ ತುಂಬಿತ್ತು. ಹುಡುಗರ ಅಪ್ಪ ಅಮ್ಮಂದಿರು, ಬೀದಿಯವರು, ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಲಕ್ಷ್ಮಿ. ನಾನು ಕಾವಿ ಹೊದ್ದು, ಮುಖದ ಮೇಲೆ ಮಂದಹಾಸವನ್ನು ವಿಧಿಪೂರ್ವಕವಾಗಿ ಸ್ಥಾಪಿಸಿ ಕೂತೆ. ಮಂಜುಳಾ ಅಮ್ಮನ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು.

"ಏನಯ್ಯಾ ಸನ್ಯಾಸಿ, ಊರಿಗೆಲ್ಲ ಶಾಂತಿ ಹಂಚ್ತೀಯ. ಸಾರಿಗೆ ಉಪ್ಪು ಕಮ್ಮಿ ಆದ್ರೆ ತಟ್ಟೆ ತಳ್ಳೋನು ಯಾರು?"

ಜನ ನಕ್ಕರು. ನನ್ನ ಮಂದಹಾಸ ಒಂದು ಕಡೆಗೆ ವಾಲಿತು.

"ಆಸೆ ಬಿಡಿ ಅಂತೀಯ. ಸಕ್ಕರೆ ಕಾಯಿಲೆ ಇಟ್ಕೊಂಡು ಬೆಲ್ಲ ಕದ್ದು ತಿನ್ನೋನು ಯಾರು?"

ಇನ್ನೂ ಜೋರಾಗಿ ನಕ್ಕರು. ಇಷ್ಟು ಖಚಿತವಾದ ಬೈಗುಳ ಮೀಟರ್ ಓದುವಾಗ ಒಂದೂ ಬಿದ್ದಿರಲಿಲ್ಲ.

ಮಂಜುಳಾ ದನಿ ತಗ್ಗಿಸಿದಳು. "ಎಲ್ಲಾ ಜೀವಿಗಳೂ ಸುಖವಾಗಿರ್ಲಿ ಅಂತ ನಮ್ಮ ಕೈಲಿ ಹೇಳಿಸ್ತೀಯ. ತಾನೇ ಹುಡುಗನ್ನ ನೋಡಿ ಮದ್ವೆ ಆದ್ಲು ಅಂತ ಮಗಳ ಫೋನ್ ಎತ್ತಲ್ಲ. ಎಲ್ಲಾ ಜೀವಿಗಳಲ್ಲಿ ಅವಳಿಲ್ವಾ?"

ಯಾರೂ ನಗಲಿಲ್ಲ. ಭಿಕ್ಷು ಎದ್ದು ನಿಂತ. "ಬಾಯ್ಮುಚ್ಚೇ. ಇಳಿ ಕೆಳಗೆ" ಎಂದು ಗರ್ಜಿಸಿದ. ಹಿಂದೆ ಯಾರೋ ಇದೂ ನಾಟಕವೆಂದು ಚಪ್ಪಾಳೆ ತಟ್ಟಿದರು. ಮಂಜುಳಾ ಸೀರೆ ಎತ್ತಿ ಹಿಡಿದುಕೊಂಡು ಹೊರಗೆ ಓಡಿದಳು.

ಮಾರನೇ ದಿನ ರೈಲು ಹತ್ತಿ ಟೇಕಲ್‌ಗೆ ಹೋದೆ. ಅವಳ ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. "ತಪ್ಪಾಯ್ತಮ್ಮಾ" ಅಂದೆ.

"ನಿಮ್ಮನ್ನ ಬೈಯೋಕೆ ನಂಗೇನೂ ಸಿಗ್ಲಿಲ್ಲ ಸಾರ್" ಅಂದಳು ಮಂಜುಳಾ. "ಅದಕ್ಕೇ ಲಕ್ಷ್ಮಿ ಆಂಟೀನ ಕೇಳ್ದೆ."

"ಎಲ್ಲಾ ಅವಳೇ ಹೇಳಿದ್ದಾ?"

"ಹೂಂ ಸಾರ್. ಕೊನೇದು ಮಾತ್ರ ಮರೀಬೇಡ ಅಂದ್ರು."

ಭಾನುವಾರ ಬಾ ಎಂದು ಕರೆದೆ. "ಬರ್ತೀನಿ ಸಾರ್" ಅಂದಳು. ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾಲ್ಕು ಮಾತು ಕಲಿತಿದ್ದ ಹುಡುಗಿಯ ಬಾಯನ್ನು ನಾನೇ ಮುಚ್ಚಿಸಿದ್ದೆ.

ಲಕ್ಷ್ಮಿಯನ್ನು ಕೇಳಿದೆ, "ನನಗೇ ಹೇಳಬಹುದಿತ್ತಲ್ಲ?"

"ಎಷ್ಟೋ ಸಲ ಹೇಳಿದೀನಿ ರೀ. ನೀವು ಎದ್ದು ಧ್ಯಾನಕ್ಕೆ ಹೋಗ್ತಿದ್ರಿ."

ಮೊನ್ನೆ ಅವಳು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಮಗಳ ಹೆಸರು ನೋಡಿದೆ. ಎತ್ತಿದೆ.

"ಹಲೋ" ಅಂದೆ.

ಆ ಕಡೆಯಿಂದ ಗಾಬರಿಯ ದನಿ, "ಅಪ್ಪಾ? ಅಮ್ಮಂಗೆ ಏನಾಯ್ತು?"

ನಾನು ಫೋನ್ ಎತ್ತಬೇಕಾದರೆ ಮನೆಯಲ್ಲಿ ಯಾರಾದರೂ ಸತ್ತಿರಬೇಕು ಅಂತ ಅವಳ ತಿಳಿವಳಿಕೆ.

"ಏನೂ ಆಗಿಲ್ಲ. ಚೆನ್ನಾಗಿದ್ದಾಳೆ" ಅಂದೆ. ಅವಳು ಕಾದಳು. ನೀನು ಹೇಗಿದ್ದೀಯ ಅಂತ ಕೇಳಬೇಕಿತ್ತು.

"ಇರು, ಅಮ್ಮನ್ನ ಕರೀತೀನಿ" ಅಂತ ಹಿತ್ತಲಿಗೆ ಓಡಿದೆ.