ಅರಿಶಿಣದ ಪೊಟ್ಟಣದಲ್ಲಿ ರಾಜಕುಮಾರ

ಡ್ರ್ಯಾಗನ್‌ಗೆ ವಾರಕ್ಕೊಂದು ದಿನ ರಜೆ ಕೊಡಬೇಕು ಎಂದು ಗಂಭೀರವಾಗಿ ವಾದಿಸುವ ಅರಿಶಿಣದ ವ್ಯಾಪಾರಿ ಇಡೀ ಸಾಂಗ್ಲಿಯಲ್ಲಿ ಒಬ್ಬರೇ. ಅವರು ನಮ್ಮ ಕಾಕಾ. ಇನ್ನೊಬ್ಬರಿದ್ದಾರೆ ಎಂದು ಯಾರಾದರೂ ತೋರಿಸಿಕೊಟ್ಟರೆ ನನ್ನ ಡೈರಿಯನ್ನು ತಿದ್ದಿಕೊಳ್ಳಲು ಸಿದ್ಧಳಿದ್ದೇನೆ. ಆದರೆ ಐವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಟವೆಲು, ಎಷ್ಟು ತಿಕ್ಕಿದರೂ ಹಳದಿ ಬಿಡದ ಬೆರಳು, ಆ ಬೆರಳುಗಳ ನಡುವೆ ಹದಿನಾರರ ಹುಡುಗಿಯರು ಓದುವ ಗುಲಾಬಿ ಹೊದಿಕೆಯ ಇಂಗ್ಲಿಷ್ ಕಾದಂಬರಿ! ಇಂಥ ಮನುಷ್ಯನನ್ನು ದೇವರು ಎರಡನೆಯ ಸಲ ಯಾಕೆ ತಾನೆ ಮಾಡಿಯಾನು?

ನಾನು ಅವರ ಅಣ್ಣನ ಮಗಳು. ಮಿರಜಿನ ಒಂದು ಲ್ಯಾಬಿನಲ್ಲಿ ರಕ್ತದ ಮಾದರಿಗಳಿಗೆ ನಂಬರು ಹಚ್ಚುತ್ತೇನೆ. ಆರಗದ ನಮ್ಮ ಮನೆಯಿಂದ ದಿನಾ ಓಡಾಡುವುದು ದೂರವೆಂದು ಸಾಂಗ್ಲಿಯಲ್ಲಿ ಕಾಕಾನ ಮನೆಯಲ್ಲೇ ಇದ್ದೇನೆ. ದಿನವೆಲ್ಲ ಎಣಿಸಿ ಬಂದವರಿಗೆ ಸಂಜೆ ಥಟ್ಟನೆ ಎಣಿಕೆ ನಿಲ್ಲಿಸಲು ಬರುವುದಿಲ್ಲ. ಹಾಗಾಗಿ ಈ ಮನೆಯಲ್ಲಿ ಏನು, ಯಾವ ವಾರ, ಎಷ್ಟು ಸಲ ಆಯಿತು ಎಂಬುದೆಲ್ಲ ನನ್ನ ಡೈರಿಯಲ್ಲಿದೆ. ಮುಂದೆ ಬರುವ ಯಾವ ಸಂಖ್ಯೆಯೂ ಅಂದಾಜಿನದಲ್ಲ.

ಎಲ್ಲ ಶುರುವಾದದ್ದು ಒಂದು ಮಂಗಳವಾರ.

ಹೊಸ ಅರಿಶಿಣ ಬಂದಾಗ ಕಾಕಾ ಕಿರಾಣಿ ಅಂಗಡಿಗಳಿಗೆ ಮಾದರಿ ಕಳಿಸುತ್ತಾರೆ. ಹಿಡಿಯಷ್ಟು ಕೊಂಬು, ಒಂದು ಕಾಗದದ ಪೊಟ್ಟಣ, ಮೇಲೊಂದು ದಾರ. ಪ್ಲಾಸ್ಟಿಕ್ ಅವರಿಗೆ ಆಗದು. "ಪ್ಲಾಸ್ಟಿಕಿನ್ಯಾಗ ಅರಿಶಿಣ ಬೆವರತೈತಿ" ಎನ್ನುತ್ತಾರೆ. ದಿನಪತ್ರಿಕೆಯೂ ಆಗದು, ಶಾಯಿ ಕೊಂಬಿಗೆ ಹತ್ತುತ್ತದೆ. ಅಂದು ಒಳ್ಳೆಯ ಕಾಗದ ಮುಗಿದಿತ್ತು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಕಂಡಿತು. ಬೆನ್ನು ಮುರಿದಿದೆ, ಅಂಚಿನಲ್ಲೆಲ್ಲ ಯಾರೋ ಪೆನ್ಸಿಲಿನಿಂದ ಗೀಚಿದ್ದಾರೆ. ಗೀಚಿದ ಪುಸ್ತಕ ಎಂದರೆ ಬಳಸಿ ಮುಗಿದ ಪುಸ್ತಕ ಎಂಬುದು ಕಾಕಾನ ತರ್ಕ. ಆದರೂ ಮರ್ಯಾದಸ್ಥರು, ಮುಂದಿನಿಂದ ಹರಿದರೆ ಪುಸ್ತಕ ಕೆಡುತ್ತದೆಂದು ಹಿಂದಿನಿಂದ ಹರಿದರು. ಒಂಬತ್ತು ಹಾಳೆ, ಒಂಬತ್ತು ಪೊಟ್ಟಣ. ಸಂಜೆಯೊಳಗೆ ಒಂಬತ್ತೂ ಅಂಗಡಿ ಮುಟ್ಟಿದವು.

ಆ ಒಂಬತ್ತು ಹಾಳೆ ಕಾದಂಬರಿಯ ಕೊನೆಯ ಅಧ್ಯಾಯವಾಗಿತ್ತು. ಕಾದಂಬರಿ ಅವರ ಮಗಳು ತನ್ವಿಯದಾಗಿತ್ತು. ಗೀಚಿದವಳು ತನ್ವಿಯ ಜೀವದ ಗೆಳತಿ.

ಈ ಇಬ್ಬರು ಹುಡುಗಿಯರದೊಂದು ಪದ್ಧತಿಯಿತ್ತು. ಪುಸ್ತಕ ಒಂದೇ. ಮೊದಲು ಒಬ್ಬಳು ಓದುತ್ತ ತನಗನಿಸಿದ್ದನ್ನೆಲ್ಲ ಅಂಚಿನಲ್ಲಿ ಬರೆಯಬೇಕು, ಆಮೇಲೆ ಇನ್ನೊಬ್ಬಳು ಕಥೆಯನ್ನೂ ಅದನ್ನೂ ಕೂಡಿಸಿ ಓದಬೇಕು. ಈ ಪುಸ್ತಕವನ್ನು ಕೈಗಿಟ್ಟ ವಾರವೇ ಗೆಳತಿಯ ತಂದೆಗೆ ವರ್ಗವಾಗಿ ಅವರು ನಾಂದೇಡಕ್ಕೆ ಹೋಗಿಬಿಟ್ಟರು. ತನ್ವಿ ಕೊನೆಯ ಅಧ್ಯಾಯವನ್ನು ಓದದೆ ಹಾಗೇ ಉಳಿಸಿಕೊಂಡಿದ್ದಳು.

ಅಂದಿನಿಂದ ತನ್ವಿ ಅಪ್ಪನ ಜೊತೆ ಮಾತು ಬಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಅವಳ ಮಾತೆಲ್ಲ ಅವಳ ಆಯಿ, ಅಂದರೆ ನಮ್ಮ ಕಾಕಿಯ ಮೂಲಕ ಹಾದು ಹೋಗತೊಡಗಿತು. ಕಾಕಾ ನಾಲ್ಕೇ ದಿನದಲ್ಲಿ ಅದೇ ಕಾದಂಬರಿಯ ಹೊಸ ಪ್ರತಿ ತರಿಸಿ ಅವಳ ತಾಟಿನ ಪಕ್ಕ ಇಟ್ಟರು.

"ನೋಡವಾ, ಒಂದು ಗೆರಿ ಸೈತ ಇಲ್ಲ. ಹೆಂಗ ಹೊಳಿತೈತಿ."

ತನ್ವಿ ಕಾಕಿಯ ಕಡೆ ತಿರುಗಿದಳು. "ಆಯಿ, ಪಪ್ಪಾಗ ಹೇಳು. ಇದರಾಗ ಅಕಿ ಬರದದ್ದು ಇಲ್ಲ."

"ಫೋನ್ ಮಾಡಿ ಕೇಳ ಮತ್ತ, ಏನ ಬರದಿದ್ದೆ ಅಂತ," ಎಂದರು ಕಾಕಿ.

"ಈಗ ಕೇಳಿದ್ರ ನೆನಪ ಮಾಡಿ ಏನರ ಹೇಳತಾಳ. ಓದೂವಾಗ ಅನಿಸಿದ್ದು ಬ್ಯಾರೆ ಇರತೈತಿ, ಆಯಿ."

ಹೊಸ ಪುಸ್ತಕ ಅಲ್ಲೇ ಉಳಿಯಿತು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು. ಅವರಿಗೆ ಬೇಕಿದ್ದದ್ದು ಒಂದೇ, ಮಗಳು ತಮ್ಮ ಮುಖ ನೋಡಿ ಮಾತಾಡಬೇಕು. ಅದಕ್ಕೆ ಆ ಒಂಬತ್ತು ಹಾಳೆ ಬೇಕು. ಅಂಗಡಿ ಅಂಗಡಿಗೆ ಹೋಗಿ ಕೇಳುವುದು ಸರಿ, ಆದರೆ ಯಾವ ಹಾಳೆ ಕಥೆಯ ಯಾವ ಭಾಗದ್ದೆಂದು ತಿಳಿಯುವುದು ಹೇಗೆ? "ಮಾಲ ಹೆಂಗ ಐತಿ ಅಂತ ಗೊತ್ತಿಲ್ಲದ ಹುಡುಕಾಕ ಹೆಂಗ ಹೋಗಲಿ?" ಎಂದು ಆ ಪ್ರತಿಯನ್ನು ಎತ್ತಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಲು ಕೂತರು. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿಗೆ ಮೂವತ್ತು ವರ್ಷಗಳ ಧೂಳು ಹಿಡಿದಿತ್ತು. ಹನ್ನೊಂದು ದಿನ ತೆಗೆದುಕೊಂಡರು. ಹನ್ನೆರಡನೆಯ ದಿನ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು, "ಇದರ ಎರಡನೇ ಭಾಗ ಬಂದೈತೇನು?"

ಮುಂದಿನ ಎರಡು ತಿಂಗಳಲ್ಲಿ ಕಾಕಾ ಆರು ಕಾದಂಬರಿ ಮುಗಿಸಿದರು. ಓದಿ ಸುಮ್ಮನಿದ್ದರೆ ನಾನೇಕೆ ಬರೆಯುತ್ತಿದ್ದೆ? ಅವರಿಗೆ ಪ್ರತಿ ಪುಟದ ಮೇಲೂ ಅಭಿಪ್ರಾಯವಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ.

ಮೊದಲು ಸಿಕ್ಕಿಬಿದ್ದವನು ರಾಜಕುಮಾರ. "ಇವಗ ಮುನ್ನೂರಾ ಹನ್ನೆರಡು ವರ್ಷ ಅಂತ. ಹುಡುಗಿಗೆ ಹದಿನೇಳು. ಮುನ್ನೂರು ವರ್ಷದಾಗ ಒಂದು ಸಂಬಂಧ ಕೂಡಿ ಬರಲಿಲ್ಲಂದ್ರ ಮನಷ್ಯಾನಾಗ ಏನೋ ಖೋಟ ಐತಿ. ಮೊದಲ ಅವರ ಊರಾಗ ಹೋಗಿ ನಾಕ ಮಂದೀನ ಕೇಳಿ ಚೌಕಶಿ ಮಾಡಬೇಕು."

ಆಮೇಲೆ ಪುಸ್ತಕದ ಮೊದಲಲ್ಲಿ ಅಚ್ಚು ಹಾಕಿದ ನಕಾಶೆ. "ಎರಡು ಹೊಳಿ ಇಲ್ಲಿ ಕೂಡತಾವ. ಕೂಡಿದಲ್ಲಿ ಏನ ಇಟ್ಟಾರ? ಶಾಪದ ಅಡವಿ. ಕೃಷ್ಣಾ, ವಾರಣಾ ಕೂಡಿದ ಜಾಗಾದಾಗ ಯಾವ ಶಾಣ್ಯಾ ಶಾಪದ ಅಡವಿ ಬೆಳಸ್ಯಾನು? ಕಬ್ಬು ಹಚ್ಚತಾನ."

ಡ್ರ್ಯಾಗನ್ ವಿಷಯಕ್ಕೆ ಬಂದರೆ ಅವರಿಗೆ ನಿಜಕ್ಕೂ ಸಂಕಟ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ, ಅದು ಬಸವಣ್ಣನ ದಿನ. "ಈ ಪ್ರಾಣಿ ಮುನ್ನೂರು ಮೈಲಿ ಹಾರಿ ಬಂದೈತಿ. ಹುಡುಗಿ ಇಳದಕಿನ ಸೀದಾ ರಾಜಕುಮಾರನ ಕಡೆ ಓಡ್ಯಾಳ. ಇದಕ್ಕ ಒಂದು ಬಕೆಟ್ ನೀರು ಸೈತ ಇಲ್ಲ. ಸೋಮವಾರನರ ಬಿಡಬೇಕೋ ಬ್ಯಾಡೋ?"

ಕಾದಂಬರಿಯ ಹುಡುಗಿಯರು ತಮಗೇ ತಿಳಿಯದೆ ಹಿಡಿದಿಟ್ಟ ಉಸಿರನ್ನು ಆಗಾಗ ಬಿಡುತ್ತಿರುತ್ತಾರೆ. ಕಾಕಾ ಇದನ್ನು ಗಮನಿಸಿ ಲೆಕ್ಕ ಇಡುವ ಕೆಲಸ ನನಗೆ ಕೊಟ್ಟರು. ಆರು ಪುಸ್ತಕಗಳಲ್ಲಿ ನಲವತ್ತೊಂದು ಸಲ. "ಉಸಿರು ಹಿಡದದ್ದ ಗೊತ್ತಾಗಂಗಿಲ್ಲಂದ್ರ ಚಾಷ್ಟಿ ಅಲ್ಲ. ಮಿರಜಿಗೆ ಕರಕೊಂಡು ಹೋಗಿ ತೋರಸಬೇಕು. ಅಷ್ಟು ದವಾಖಾನಿ ಯಾಕ ಅದಾವ?"

ಒಂದು ಬೆಳಿಗ್ಗೆ ನಾಷ್ಟಾಕ್ಕೆ ಕೂತಾಗ ಪ್ರೇಮಪ್ರಕರಣಗಳ ಮೇಲೇ ತೀರ್ಪು ಬಂತು, ಪುಟವನ್ನು ಪಾನ ಎನ್ನುವ ನಮ್ಮ ಸಾಂಗ್ಲಿ ಮಾತಿನಲ್ಲಿ. "ಎಲ್ಲಾ ಪುಸ್ತಕದಾಗೂ ಒಂದ ರೀತಿ. ಮೊದಲ ಮುನ್ನೂರು ಪಾನ ಜಗಳ, ಆಮ್ಯಾಲ ಪ್ರೀತಿ. ಖರೇ ಸಂಸಾರದಾಗ ಹಿಂಗ ಎಲ್ಲೆರ ಆಕ್ಕೈತೇನು?"

ಕಾಕಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. "ನಮ್ಮವು ಮೊದಲಿನ ಮುನ್ನೂರು ಪಾನ ಇನ್ನೂ ಮುಗದಿಲ್ಲರಿ."

ಆದರೆ ಒಂದು ವಿಷಯದಲ್ಲಿ ಕಾಕಾಗೆ ಈ ರಾಜಕುಮಾರರ ಮೇಲೆ ಅಪಾರ ಗೌರವ. ಅವರು ತಪ್ಪೊಪ್ಪಿಕೊಳ್ಳುವ ರೀತಿ. ಎರಡೆರಡು ಪುಟ ಕ್ಷಮೆ ಕೇಳುತ್ತಾರೆ, ನಡುವೆ ಒಮ್ಮೆಯೂ ನೀರು ಕುಡಿಯುವುದಿಲ್ಲ. ಒಂದು ಸಂಜೆ ಕಾಕಾ ತನ್ವಿಯ ಮುಚ್ಚಿದ ಬಾಗಿಲ ಮುಂದೆ ನಿಂತರು. ಕಿಸೆಯಿಂದ ಸ್ಕೂಟರಿನ ಕೀಲಿ ತೆಗೆದು ಹೊಸ್ತಿಲ ಮೇಲಿಟ್ಟರು.

"ನನ್ನ ಖಡ್ಗ ನಿನ್ನ ಪಾದದ ಹತ್ತರ ಇಟ್ಟೇನಿ. ನನ್ನ ಅಹಂಕಾರದಿಂದ ನಿನ್ನ ಮನಸಿನ ಕೋಟೆ ಕೆಡವಿದೆ. ಹೋಗು ಅಂದ್ರ ಹೊಕ್ಕೇನಿ, ನಿಲ್ಲು ಅಂದ್ರ ಕಲ್ಲಾಗಿ ನಿಲ್ಲತೇನಿ."

ಒಳಗಿನಿಂದ ದನಿ ಬಂತು. "ಆಯಿ, ಪಪ್ಪಾಗ ಹೇಳು. ಅದು ಪಾನ ಎರಡನೂರಾ ಹದಿನಾರು. ಕಾಪಿ ಮಾಡಬಾರದು."

ಕಾಕಾ ಕೀಲಿ ಎತ್ತಿಕೊಂಡರು. ಮುಖದಲ್ಲಿ ಬೇಸರದ ಜೊತೆ ಸಣ್ಣ ಹೆಮ್ಮೆಯೂ ಇತ್ತು. "ಪಾನ ನಂಬರ್ ಸೈತ ಬರೋಬರ ಹೇಳಿದಳು ನೋಡು," ಎಂದರು ನನಗೆ.

ಹಾಳೆಗಳ ಬೇಟೆ ಇದರ ನಡುವೆಯೇ ನಡೆದಿತ್ತು. ಪಟ್ಟಿ ನನ್ನದು. ಸಾಂಗ್ಲಿಯಲ್ಲಿ ನಾಲ್ಕು, ಮಿರಜಿನಲ್ಲಿ ಮೂರು, ಬುಧಗಾಂವದಲ್ಲಿ ಒಂದು, ಆರಗದಲ್ಲಿ ಒಂದು. ಸಾಂಗ್ಲಿಯ ನಾಲ್ಕೂ ಒಂದೇ ವಾರದಲ್ಲಿ ಬಂದವು, ಹಳದಿ ಹತ್ತಿ, ಮಡಿಕೆ ಬಿದ್ದು. ಮಿರಜಿನ ಮೂರರಲ್ಲಿ ಎರಡು ಸುಲಭವಾಗಿ ಸಿಕ್ಕವು. ಮೂರನೆಯದು ಒಬ್ಬ ವಯಸ್ಸಾದ ಸೇಠರ ಅಂಗಡಿಯಲ್ಲಿತ್ತು. ಇಂಗ್ಲಿಷ್ ಶಾಲೆಯಲ್ಲಿ ಕಲಿತವರು, ಪೊಟ್ಟಣ ಬಿಚ್ಚಿ ಅರಿಶಿಣ ಬದಿಗಿಟ್ಟು ಕಾಗದ ಓದಿದ್ದರು. ಅದು ಒಬ್ಬರು ಬಾಗಿಲು ತೆರೆದು ಒಳಗೆ ಬರುವಲ್ಲಿಗೆ ನಿಂತಿತ್ತು.

"ಬಂದಾವ ಯಾರು, ಅದನ್ನ ಹೇಳ್ರಿ ಮೊದಲ. ಮೂರು ವಾರ ಆತು, ಊಟ ರುಚಿ ಹತ್ತವಲ್ದು," ಎಂದರು ಸೇಠರು.

ಕಾಕಾ ಪಕ್ಕಾ ವ್ಯಾಪಾರಿ, ಹಾಗೆಲ್ಲ ಹೇಳಿಬಿಡುತ್ತಾರೆಯೇ? ಹೆಗಲ ಟವೆಲು ತೆಗೆದರು. ಈಗ ಅರಿಶಿಣದ ಹರಾಜೆಲ್ಲ ಬಾಯಿಂದಲೇ ನಡೆಯುತ್ತದೆ, ಆದರೆ ಹಳೆಯ ಕೈಗಳಿಗೆ ಟವೆಲಿನ ಕೆಳಗೆ ಬೆರಳು ಹಿಡಿದು, ಬಾಯಿ ಬಿಡದೆ ಕುದುರಿಸುವುದೇ ರುಚಿ. ಇಬ್ಬರೂ ಟವೆಲಿನ ಕೆಳಗೆ ಕೈ ಸೇರಿಸಿದರು. ಸೇಠರು ನಾಲ್ಕು ಬೆರಳು ಹಿಡಿದರಂತೆ, ಕಾಕಾ ಒಂದು. ಹುಬ್ಬು ಏರಿದವು, ಇಳಿದವು. ಗಿರಾಕಿಗಳೆಲ್ಲ ಅರಿಶಿಣದ ದೊಡ್ಡ ವ್ಯಾಪಾರ ನಡೆದಿದೆಯೆಂದು ಗುಂಪುಗೂಡಿದರು. ಕೊನೆಗೆ ಟವೆಲು ಸರಿಯಿತು.

"ಏನ ದರ ಆತು ಸೇಠ?" ಎಂದು ಒಬ್ಬ ಕೇಳಿದ.

"ಎರಡು ಪ್ರೇಮಕಥಿ," ಎಂದರು ಸೇಠರು.

ಹೀಗೆ ಏಳನೆಯ ಹಾಳೆ ಬಂತು. ಎರಡು ಕಾದಂಬರಿ ಎರವಲು ಹೋದವು.

ಬುಧಗಾಂವಕ್ಕೆ ಹೋಗುವಾಗ ಕಾಕಾ ಹೊಸ ಉಪಾಯ ಮಾಡಿದರು. ಅಲ್ಲಿಯ ಅಂಗಡಿಯವರದು ಮಕ್ಕಳಿರುವ ಮನೆ, ಗೀಚಿದ ಕಾಗದ ಬಹಳ ಇರುತ್ತವೆ, ಗೆಳತಿಯ ಅಕ್ಷರ ಗುರುತಿಸುವವರು ಜೊತೆಗೆ ಬರಬೇಕು ಎಂದು ಕಾಕಿಗೆ ಹೇಳಿದರು. ಕಾಕಿ ತನ್ವಿಗೆ ಹೇಳಿದರು. ರವಿವಾರ ಅವಳು ಸ್ಕೂಟರಿನ ಹಿಂದೆ, ಅಪ್ಪನಿಗೂ ತನಗೂ ನಡುವೆ ಒಂದು ಚೀಲ ಇಟ್ಟುಕೊಂಡು ಕೂತಳು. ಎಂಟನೆಯ ಹಾಳೆ ಸಿಕ್ಕಿತು. ಬರುವಾಗ ದಾರಿಯಲ್ಲಿ ಕಾಕಾ ತಮ್ಮಷ್ಟಕ್ಕೆ ಎಂಬಂತೆ ರಾಜಕುಮಾರನನ್ನು ಬೈಯತೊಡಗಿದರಂತೆ. ಯುದ್ಧದಲ್ಲಿ ಎದುರಾದ ಸೈನಿಕನನ್ನು ಸುಮ್ಮನೆ ಬಿಟ್ಟು ಕಳಿಸಿದ ಹೇಡಿ, ವ್ಯಾಪಾರಕ್ಕೆ ಬಂದಿದ್ದರೆ ಮೂರು ದಿನದಲ್ಲಿ ಮುಳುಗುತ್ತಿದ್ದ, ಇತ್ಯಾದಿ. ಒಂದು ಕಿಲೋಮೀಟರು ತನ್ವಿ ತಡೆದುಕೊಂಡಳು. ಎಷ್ಟೆಂದು ತಡೆದಾಳು?

"ಪಪ್ಪಾ, ಅಂವ ಸೈನಿಕ ಅಲ್ಲ, ಅವನ ತಮ್ಮ. ನೀವು ನೀಟ ಓದೇ ಇಲ್ಲ."

ಕಾಕಾ ಸ್ಕೂಟರು ನಿಲ್ಲಿಸಿಬಿಟ್ಟರಂತೆ. ಅದು ಮಾತು ಬಿಟ್ಟ ನಲವತ್ತೆಂಟನೆಯ ದಿನ. ತಿಳಿದೇ ತಪ್ಪು ಹೇಳಿದರೋ, ನಿಜವಾಗಿ ತಿಳಿದಿರಲಿಲ್ಲವೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಹಾಗೆಂದು ಎಲ್ಲ ಮೊದಲಿನಂತಾಗಲಿಲ್ಲ. ಮನೆಯಲ್ಲಿ ತನ್ವಿಗೆ ಕ್ಲಾಸು, ಫೋನು, ಮುಚ್ಚಿದ ಬಾಗಿಲು, ಎರಡಕ್ಷರದ ಉತ್ತರ. ರವಿವಾರ ಸ್ಕೂಟರು ಏರಿದ ಮೇಲೆ ಮಾತ್ರ ಮಾತು. ಉಳಿದ ಒಂದೇ ಹಾಳೆ, ಕಥೆಯ ಕಟ್ಟಕಡೆಯದು, ಆರಗದಲ್ಲಿ ಸಿಗಲಿಲ್ಲ. ಅಂಗಡಿಯವನು ಪೊಟ್ಟಣವನ್ನು ಬೇರೆಲ್ಲೋ ಕೊಟ್ಟಿದ್ದಾನೆ ಎಂದರು ಕಾಕಾ. ಮುಂದಿನ ರವಿವಾರ ಅದೇ ದಾರಿಯ ಇನ್ನೊಂದು ಹಳ್ಳಿ. ಅದರ ಮುಂದಿನ ವಾರ ಮತ್ತೊಂದು. ನನ್ನ ಡೈರಿಯಲ್ಲಿ ಐದು ರವಿವಾರಗಳ ಮುಂದೆ ಒಂದೇ ಸಾಲು: "ಹುಡುಕಿದರು, ಸಿಗಲಿಲ್ಲ." ಪ್ರತಿ ಸಲ ಹೋಗುವಾಗಲೂ ಬರುವಾಗಲೂ ಇಬ್ಬರೂ ಜಗಳಾಡುತ್ತಿದ್ದರು. ನಡುವಿನ ಚೀಲ ಯಾವಾಗಲೋ ಮುಂದಿನ ಕೊಕ್ಕೆಗೆ ಹೋಗಿತ್ತು.

ಮೊನ್ನೆ ಹಬ್ಬಕ್ಕೆ ನಾನು ಆರಗಕ್ಕೆ ಹೋದೆ. ಬೆಲ್ಲ ತರಲು ಆ ಅಂಗಡಿಗೇ ಹೋಗಬೇಕಾಯಿತು. ಅಂಗಡಿಯವರು ಬೆಲ್ಲ ಒಡೆಯುತ್ತ ಕೇಳಿದರು, "ನಿಮ್ಮ ಕಾಕಾಗ ಆ ಹಾಳಿ ಉಪಯೋಗಾತೇನವಾ?"

"ಯಾವ ಹಾಳಿ?"

"ಪೆನ್ಸಿಲ್‌ಲೆ ಬರದದ್ದು. ನಾನ ತಗದಿಟ್ಟು ಕೊಟ್ನೆಲ್ಲ. ಪೋರಿ ಹೊರಗ ಗಾಡಿ ಹತ್ತರ ನಿಂತಿತ್ತು. ಅದಕ ಹೇಳಬ್ಯಾಡ್ರಿ ಅಂದ್ರು. ಐದಾರು ವಾರ ಆತು ನೋಡು."

ಬಸ್ಸಿನಲ್ಲಿ ಸಾಂಗ್ಲಿಗೆ ಮರಳುವಾಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಪಟ್ಟಿ ಐದು ವಾರ ತಪ್ಪಿತ್ತು. ಲ್ಯಾಬಿನಲ್ಲಿ ಹೀಗಾಗಿದ್ದರೆ ಕೆಲಸ ಹೋಗುತ್ತಿತ್ತು. ಮನೆ ಮುಟ್ಟಿದವಳೇ ತನ್ವಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ನಿನಗೊಂದು ಹೇಳೂದೈತಿ. ಆ ಒಂಬತ್ತನೇ ಹಾಳಿ..."

"ಪಪ್ಪಾನ ಕಿಸೆದಾಗ ಐತಿ," ಎಂದಳು ತನ್ವಿ, ಪುಸ್ತಕದಿಂದ ತಲೆ ಎತ್ತದೆ. "ಆರಗದಿಂದ ಬಂದ ದಿನಾನ ಅಂಗಿ ತೂಗು ಹಾಕಿದ್ರು. ತಗದು ಓದೇನಿ. ಓದಿ ಮತ್ತ ಅಲ್ಲೇ ಇಟ್ಟೇನಿ."

"ಮತ್ತ ಸುಮ್ಮ ಯಾಕ ಕುಂತಿ?"

ಅವಳು ಪುಸ್ತಕ ಮಡಚಿದಳು. "ಅಂಗಿ ಬದಲಿ ಮಾಡಿದಾಗ ಪ್ರತಿ ಸಲ ಅದನ್ನ ತಗದು ಹೊಸ ಅಂಗಿ ಕಿಸೆದಾಗ ಇಟಗೋತಾರ, ಅಕ್ಕಾ. ಮಡಿಕಿ ಹರೀಬಾರದು ಅಂತ ಪ್ಲಾಸ್ಟಿಕ್ ಸುತ್ಯಾರ." ಮತ್ತೆ ಪುಸ್ತಕ ತೆರೆಯುತ್ತ ಹೇಳಿದಳು. "ಬರೂ ರವಿವಾರ ಲಿಂಗನೂರಿಗೆ ಹೋಗೂದೈತಿ. ನೀ ನಡುವ ಏನೂ ಹೇಳಬ್ಯಾಡ."

ಲಿಂಗನೂರಿಗೆ ನಮ್ಮ ಅಂಗಡಿಯ ಅರಿಶಿಣ ಒಂದು ದಿನವೂ ಹೋದದ್ದಿಲ್ಲ. ನಾನು ಹೇಳಲಿಲ್ಲ.

ರವಿವಾರ ಕಾಕಿ ರೊಟ್ಟಿ ಕಟ್ಟಿಕೊಟ್ಟರು. ಸ್ಕೂಟರು ಅಂಗಳ ದಾಟುವ ಮೊದಲೇ ಜಗಳ ಶುರುವಾಗಿತ್ತು. ರಾಣಿ ಸಿಂಹಾಸನ ಬಿಡಬೇಕಿತ್ತೆನ್ನುವುದು ಅವಳ ಪಕ್ಷ, ಬಿಟ್ಟಿದ್ದರೆ ಪೇಟೆ ಯಾರು ನೋಡಿಕೊಳ್ಳಬೇಕಿತ್ತೆನ್ನುವುದು ಅವರದು. ಸಂಜೆ ಐದರ ಸುಮಾರಿಗೆ ಮರಳಿ ಬಂದರು, ಇಬ್ಬರ ತಲೆಯಲ್ಲೂ ಹಾದಿಯ ಧೂಳು, ಇಬ್ಬರ ದನಿಯೂ ಕೂಗಿ ಕೂಗಿ ಒಡೆದಿತ್ತು.

"ಇನ್ನೂ ಸಿಗವಲ್ದವಾ," ಎಂದರು ಕಾಕಾ ನನ್ನ ಕಡೆ ನೋಡಿ, ಒಂದು ಕೈ ಕಿಸೆಯ ಮೇಲಿಟ್ಟುಕೊಂಡು. "ಮುಂದಿನ ವಾರ ಮತ್ತ ನೋಡಬೇಕು."

ತನ್ವಿ ಅವರ ಪಕ್ಕದಲ್ಲಿ, ಅವರಿಗಿಂತ ಹೆಚ್ಚು ದುಃಖದ ಮುಖ ಮಾಡಿಕೊಂಡು ನಿಂತಿದ್ದಳು.