ಇಬ್ಬರು ಬೇಕಾಗುತ್ತಿದ್ದ ಪಂಪು

ಒಂಟಿಯಾಗಿರುವವರು ಮನೆಯ ಸಾಮಾನುಗಳ ಜೊತೆ ಮಾತಾಡುತ್ತಾರಂತೆ. ನಾನು ಮಾತಾಡುತ್ತಿರಲಿಲ್ಲ, ಬೈಯುತ್ತಿದ್ದೆ. ಹಾಲು ಉಕ್ಕಿದರೆ ಒಲೆಯನ್ನು, ಮಳೆಗೆ ಊದಿಕೊಂಡರೆ ಬಾಗಿಲನ್ನು, ಬೆಳಗಾದರೆ ಸೈಕಲ್ ಪಂಪನ್ನು. ಆಗಿನ್ನೂ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಮಿಕ್ಕ ಕಡೆಯೆಲ್ಲ ಎಕ್ಕದ ಗಿಡ, ನೆಗ್ಗಿಲು ಮುಳ್ಳು. ಮದುವೆಯ ವಯಸ್ಸು ಮೆಲ್ಲಗೆ ಜಾರುತ್ತಿದ್ದ ನಾನು ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು. ಲೋಟಕ್ಕೆ ಕಾಲಿಲ್ಲವೆಂಬುದು ಗೊತ್ತಿದ್ದರೂ, ದಿನವೂ ಅದನ್ನು ನೋಡಿದಾಗ ಸ್ವಲ್ಪ ಬೇಜಾರಾಗುತ್ತಿತ್ತು.

ಪಂಪಿನ ವಿಷಯಕ್ಕೆ ಬರುತ್ತೇನೆ. ಅದು ನೆಲದ ಮೇಲೆ ನಿಲ್ಲಿಸಿ, ಅಡಿಯ ಪಟ್ಟಿಯನ್ನು ಕಾಲಿನಿಂದ ಮೆಟ್ಟಿ, ಎರಡೂ ಕೈಯಿಂದ ಹೊಡೆಯುವ ದೊಡ್ಡ ಪಂಪು. ಅದಕ್ಕಿಲ್ಲದ ಕಾಯಿಲೆಯಿರಲಿಲ್ಲ. ಒಳಗಿನ ಚರ್ಮದ ವಾಷರು ಒಣಗಿ ಹಪ್ಪಳವಾಗಿತ್ತು. ಹರಳೆಣ್ಣೆ ಕುಡಿಸಿದ ದಿನ ಮಾತ್ರ ಗಾಳಿ ಕೊಡುತ್ತಿತ್ತು. ರಬ್ಬರ್ ಕೊಳವೆ ಸೀಳಿದಲ್ಲೆಲ್ಲ ಹಳೇ ಟ್ಯೂಬಿನ ಚೂರು ಸುತ್ತಿ ದಾರ ಬಿಗಿದಿದ್ದೆ. ಇವಕ್ಕೆಲ್ಲ ಮದ್ದಿತ್ತು. ಮದ್ದಿಲ್ಲದ್ದು ಕೊಳವೆಯ ತುದಿಯ ಕ್ಲಿಪ್ಪಿಗೆ. ಹಿಡಿತ ಸಡಿಲವಾಗಿದ್ದ ಅದನ್ನು ಒಬ್ಬರು ಚಕ್ರದ ವಾಲ್ವಿಗೆ ಒತ್ತಿ ಹಿಡಿದು ಕೂತರೆ ಮಾತ್ರ ಇನ್ನೊಬ್ಬರು ಪಂಪು ಹೊಡೆಯಬಹುದಿತ್ತು. ಇದ್ದ ಒಬ್ಬನೇ ಎರಡೂ ಕೆಲಸ ಮಾಡಲು ಹೋಗಿ, ಅಂಗಳದಲ್ಲಿ ಮಲಗಿದ್ದ ಬೀದಿನಾಯಿ ಕೂಡ ಎದ್ದು ನೋಡುವಂಥ ಭಂಗಿಗಳಲ್ಲಿ ನಿಂತಿದ್ದೇನೆ.

ಹಾಗೆ ನಿಂತಿದ್ದಾಗಲೇ ಎದುರು ಸಾಲಿನ ಗೋವಿಂದಪ್ಪ ಮೇಷ್ಟ್ರು ಬಂದದ್ದು. ತುಮಕೂರಿನಿಂದ ವರ್ಗವಾಗಿ ಬಂದವರು. ಹೆಂಡತಿ ಮಕ್ಕಳು ಇನ್ನೂ ಅಲ್ಲೇ. ಅವರ ಸೈಕಲ್ಲಿಗೂ ಗಾಳಿ ಬೇಕಿತ್ತು. "ನೀವು ಹೊಡೀರಿ ರಾಯರೇ, ನಾನು ಹಿಡ್ಕೋತೀನಿ" ಎಂದು ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ಅಂದಿನಿಂದ ಅದೇ ರೂಢಿಯಾಯಿತು. ಅವರ ಸೈಕಲ್ಲಿಗೆ ನಾನು ಹಿಡಿಯುವುದು, ನನ್ನದಕ್ಕೆ ಅವರು. ನಡುನಡುವೆ ಗಾಳಿ ಸೋರಿ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಅವರ ಮಗಳ ಹಲ್ಲು ಬಿದ್ದದ್ದು, ಅವರ ತಿಳಿಸಾರು ಕೆಟ್ಟದ್ದು, ನನ್ನ ಸಾಹೇಬರ ಸಿಡುಕು, ಎಲ್ಲ ಮುಗಿಯುತ್ತಿತ್ತು. ನಾನು ದಿನಕ್ಕೆ ಆಡುತ್ತಿದ್ದ ಒಳ್ಳೆಯ ಮಾತುಗಳೆಲ್ಲ ಆ ಹೊತ್ತಿನಲ್ಲೇ ಖರ್ಚಾಗುತ್ತಿದ್ದವು.

ಒಂದು ಬೆಳಿಗ್ಗೆ ಕೊಳವೆ ಸಿಡಿದು ಮೇಷ್ಟ್ರ ಮುಖಕ್ಕೆ ಬಡಿಯಿತು. ಕನ್ನಡಕ ಹಾರಿ ಕಲ್ಲಿನ ಮೇಲೆ ಬಿತ್ತು. ಒಂದು ಗಾಜು ಬಿರಿಯಿತು. "ಏನಾಗಿಲ್ಲ ಬಿಡಿ, ಕಣ್ಣು ಉಳೀತಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಸಂಜೆ ಚಿಕ್ಕಪೇಟೆಯ ಸೈಕಲ್ ಅಂಗಡಿಗೆ ಹೋದೆ. ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಪರೀಕ್ಷೆ ಮಾಡಿರಲಿಲ್ಲ. ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಹೊಡೆದು, ಗಾಳಿ ಬೆರಳನ್ನು ತಳ್ಳುತ್ತದೆಯೇ ನೋಡಿದೆ. ಎರಡು ಕಾಲೂ ಊರಲು ಜಾಗವಿದೆಯೇ, ಕೊಳವೆ ದಪ್ಪಗಿದೆಯೇ ನೋಡಿದೆ. ಕ್ಲಿಪ್ಪನ್ನು ಸಿಕ್ಕಿಸಿ ಜಗ್ಗಿದೆ. "ಸಾರ್, ಪಂಪು ಗಟ್ಟಿಮುಟ್ಟಾಗಿದೆ, ನೀವು ಜಗ್ಗಿ ಜಗ್ಗಿ ಕೀಳ್ಬೇಡಿ" ಎಂದ ಅಂಗಡಿಯವನು.

ಮರುದಿನ ಹೊಸ ಪಂಪನ್ನು ಅಂಗಳದಲ್ಲಿ ನಿಲ್ಲಿಸಿ ಮೇಷ್ಟ್ರಿಗಾಗಿ ಕಾದೆ. ಬರಲಿಲ್ಲ. ಒಬ್ಬನೇ ಹೊಡೆದೆ. ಕ್ಲಿಪ್ಪು ಕಚ್ಚಿ ಹಿಡಿಯಿತು, ಚಕ್ರ ಕಲ್ಲಿನಂತಾಯಿತು, ಒಂದು ಚೂರೂ ಗಾಳಿ ಸೋರಲಿಲ್ಲ. ಆಫೀಸಿಗೆ ಇನ್ನೂ ಹೊತ್ತಿತ್ತು. ಏನು ಮಾಡಬೇಕೆಂದು ತೋಚದೆ ಮೆಟ್ಟಿಲ ಮೇಲೆ ಕೂತೆ. ಆ ವಾರವಿಡೀ ಹಾಗೆಯೇ. ಪೆಟ್ಟು ಬಿದ್ದದ್ದಕ್ಕೆ ಕೋಪವಿರಬೇಕೆಂದುಕೊಂಡು ಭಾನುವಾರ ಅವರ ಮನೆಗೇ ಹೋದೆ.

ಬಾಗಿಲ ಸಂದಿಯಲ್ಲಿ ಹೊಚ್ಚ ಹೊಸ ಪಂಪೊಂದು ನಿಂತಿತ್ತು!

"ದಿನಾ ನಿಮಗೆ ತೊಂದರೆ ಕೊಡ್ತಾ ಇದ್ದೆ" ಎಂದರು ಮೇಷ್ಟ್ರು ಸಂಕೋಚದಿಂದ. "ಮೊನ್ನೆ ನಿಮ್ಮ ಮುಖ ಎಷ್ಟು ಸಣ್ಣಗಾಯ್ತು ನೋಡಿ, ಅದಕ್ಕೇ ನಂದೇ ಒಂದು ತಂದ್ಬಿಟ್ಟೆ."

"ನಾನೂ ತಂದಿದೀನಿ ಮೇಷ್ಟ್ರೇ."

"ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ. ಒಬ್ಬರೇ ಸಾಕು."

"ಇದೂ ಹಾಗೇ" ಎಂದರು. ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಕಾಫಿ ಕೊಟ್ಟರು, ಕುಡಿದೆ. ಹೊರಡಬೇಕೆಂದು ಎದ್ದವನು ಸುಮ್ಮನೆ ಅವರ ಪಂಪನ್ನು ಒಮ್ಮೆ ಒತ್ತಿ ನೋಡಿದೆ. ಬೆಣ್ಣೆಯಂತೆ ಇಳಿಯಿತು.

"ಇದರ ವಾಷರು ಸ್ವಲ್ಪ ಸಡಿಲ ಅನ್ಸುತ್ತೆ" ಎಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ, "ನನಗೂ ಹಾಗೇ ಅನ್ಸಿತ್ತು ರಾಯರೇ. ಬಿಚ್ಚಿ ನೋಡೋಣ್ವಾ?" ಎಂದು ಸ್ಪ್ಯಾನರ್ ತಂದರು.

ಆ ಭಾನುವಾರ ಅವರದನ್ನು ಬಿಚ್ಚಿದೆವು, ಮುಂದಿನ ಭಾನುವಾರ ನನ್ನದನ್ನು. ಎಣ್ಣೆ ಹಚ್ಚಿ, ಒರೆಸಿ, ಜೋಡಿಸಿ, ಮತ್ತೇನೋ ಅನುಮಾನವೆಂದು ಇನ್ನೊಮ್ಮೆ ಬಿಚ್ಚಿ, ಊಟದ ಹೊತ್ತಾಗಿಬಿಡುತ್ತಿತ್ತು. ಕೊನೆಗೆ ಒಂದು ದಿನ ನನ್ನ ಕೈಜಾರಿ ಅವರ ಪಂಪಿನ ಸ್ಪ್ರಿಂಗೊಂದು ಹಾರಿ ಎಕ್ಕದ ಪೊದೆ ಸೇರಿತು. ಮಂಡಿಯೂರಿ ಹುಡುಕಿದೆವು, ಸಿಕ್ಕಲಿಲ್ಲ. ನಾನು ಅಯ್ಯೋ ಪಾಪವೆಂಬ ಮುಖ ಮಾಡಲು ಬಹಳ ಪ್ರಯತ್ನಪಟ್ಟೆ. ಅಷ್ಟೊಂದು ಪರೀಕ್ಷೆ ಮಾಡಿ ಗಟ್ಟಿ ಪಂಪು ಆರಿಸಿದ ಮಹಾಶಯ ನಾನೇ. ಮೇಷ್ಟ್ರದು ಪೂರ್ತಿ ಕೆಟ್ಟಿದೆ, ಇನ್ನು ಗಾಳಿಗೆ ನನ್ನ ಅಂಗಳಕ್ಕೇ ಬರಬೇಕೆಂದು ಖಾತ್ರಿಯಾದಾಗ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆ ಸಂಜೆ ಮನೆಗೆ ಬಂದು ಯಾವ ಸಾಮಾನನ್ನೂ ಬೈಯಲು ಮರೆತೇಬಿಟ್ಟೆ.