ಸಲೈನ್ ಆಪಾಳ ಮಗ ಕಲಸಿದ ಸಲೈನ್

ಹಬಿಗಂಜ್‌ನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ರಸಾಯನಶಾಸ್ತ್ರ ಬೋಧಿಸುತ್ತಿರುವವನು ನಾನು. ದ್ರಾವಣಗಳ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲೆ. ಹುಡುಗರು ನಿದ್ದೆಯಲ್ಲೇ ಕೇಳುತ್ತಾರೆ. ಆದ್ದರಿಂದ ಕಳೆದ ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ ಭೇದಿ ಹತ್ತಿಕೊಂಡಾಗ ಹೆಂಡತಿ ಹಾಸ್ನಾಳಿಗೆ ಘೋಷಿಸಿಬಿಟ್ಟೆ: "ನೀನು ಪಕ್ಕಕ್ಕಿರು. ಈ ಚಿಕಿತ್ಸೆ ನನ್ನದು."

"ಭೇದಿನೂ ನಿಮ್ದೇ ಅಲ್ವಾ?" ಎಂದಳು. ಹಿಂದಿನ ಸಂಜೆ ಬೀದಿಯ ಚಟ್‌ಪಟಿ ಕಟ್ಟಿಸಿಕೊಂಡು ಬಂದು, ಪ್ರೀತಿಯಿಂದ ಅಮ್ಮನಿಗೆ ತಿನ್ನಿಸಿದವನು ನಾನೇ.

ನನ್ನಮ್ಮ ಜೋಬೇದಾಗೆ ಈಗ ಎಪ್ಪತ್ತಾರು. ಒಂದು ಕಾಲಕ್ಕೆ ನೀರಿನ ನಡುವಿನ ಹಳ್ಳಿಗಳಿಗೆ ದೋಣಿಯಲ್ಲಿ ಹೋಗಿ, ಮನೆಮನೆಯ ಹೆಂಗಸರಿಗೆ ಸಲೈನ್, ಅಂದರೆ ಭೇದಿಗೆ ಕುಡಿಸುವ ಉಪ್ಪು-ಬೆಲ್ಲದ ನೀರು, ಕಲಸುವುದನ್ನು ಕಲಿಸಿದವಳು. ತಿಂಗಳ ನಂತರ ಇನ್ಸ್‌ಪೆಕ್ಟರ್ ಹೋಗಿ, ಕಲಿತವರಿಗೆ ಎಷ್ಟು ನೆನಪಿದೆಯೆಂದು ಪರೀಕ್ಷೆ ಮಾಡುತ್ತಿದ್ದ. ಸುತ್ತಲ ಜನಕ್ಕೆಲ್ಲ ಅವಳು 'ಸಲೈನ್ ಆಪಾ', ಸಲೈನ್ ಅಕ್ಕ. ಶಾಲೆಯಲ್ಲಿ ನನ್ನನ್ನು 'ಸಲೈನ್' ಎಂದೇ ಕರೆಯುತ್ತಿದ್ದರು. ಆ ನಾಚಿಕೆಗೆ, ಅಮ್ಮ ಎದುರು ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ. ಅಡುಗೆಮನೆಗೆ ಕರೆದು ಕಲಿಸಹೊರಟರೆ, "ಅದೆಲ್ಲ ಹೆಂಗಸರಿಗೆ" ಎಂದು ಓಡುತ್ತಿದ್ದೆ.

ಮನೆಯಲ್ಲಿ ಒಂದೇ ಪೊಟ್ಟಣ ಸಲೈನ್ ಪುಡಿ ಇತ್ತು. ಗಟ್ಟಿಯಾದಷ್ಟೂ ಬೇಗ ಗುಣವೆಂದು ಪೂರ್ತಿ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದೆ.

ಅಮ್ಮ ಒಂದು ಗುಟುಕು ಬಾಯಿಗಿಟ್ಟು ಉಗಿದಳು. "ಬಾದಲ್, ಇದೇನು ಬಂಗಾಳ ಕೊಲ್ಲಿನಾ?"

"ಸ್ವಲ್ಪ ಸ್ಟ್ರಾಂಗ್ ಇದೆ ಅಮ್ಮಾ."

"ಇಷ್ಟು ಸ್ಟ್ರಾಂಗ್ ಕುಡಿದ್ರೆ ಮೈಯಲ್ಲಿ ಉಳಿದಿರೋ ನೀರನ್ನೂ ಎಳ್ಕೊಳ್ಳತ್ತೆ ಕಣೋ. ಪೊಟ್ಟಣಕ್ಕೆ ಅರ್ಧ ಲೀಟರ್. ಅದರ ಮೇಲೇ ಬರ್ದಿದೆ."

"ಮೀನಿನ ಮುಳ್ಳು ಹುಡುಕೋಕೆ ಕನ್ನಡಕ ಹಾಕ್ಕೋತಾರೆ, ಪೊಟ್ಟಣ ಓದೋಕೆ ಬೇಡ," ಎಂದಳು ಹಾಸ್ನಾ.

ಲೋಟದ್ದನ್ನು ಪಾತ್ರೆಗೆ ಸುರಿದು, ಕಣ್ಣಳತೆಯಲ್ಲಿ ನೀರು ಬೆರೆಸಿದೆ. ಆ ನೀರು ಕುದಿಸಿದ್ದಲ್ಲ ಎಂದು ಆಮೇಲೆ ನೆನಪಾಗಿ, ಎಲ್ಲವನ್ನೂ ಒಲೆಯ ಮೇಲಿಟ್ಟು ಕೊತಕೊತ ಕುದಿಸಿದೆ.

"ಕಲಸಿದ ಮೇಲೆ ಕುದಿಸ್ತಾರೇನೋ? ಚೆಲ್ಲು," ಎಂದಳು ಅಮ್ಮ. ಈ ಸಲ ದನಿ ಕ್ಷೀಣವಾಗಿತ್ತು.

ಜುಮ್ಮಾ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಮ್ಮನ ತುಟಿ ಒಣಗಿತ್ತು, ಕಣ್ಣು ಒಳಕ್ಕಿಳಿದಿತ್ತು. ಬೆಳಗಿನಿಂದ ಮೂತ್ರವಾಗಿರಲಿಲ್ಲ. ನನ್ನ ಇಪ್ಪತ್ತಾರು ವರ್ಷದ ಪಾಂಡಿತ್ಯವೂ ಒಣಗಿಹೋಯಿತು.

"ಆಸ್ಪತ್ರೆಗೆ ಹೋಗೋಣ ಅಮ್ಮಾ," ಎಂದಳು ಹಾಸ್ನಾ.

"ಆಟೋಗೆ ಹೇಳಿ ಕಳಿಸು. ಕುಡಿದದ್ದು ನಿಲ್ಲದಿದ್ರೆ, ಮಂಪರು ಬಂದ್ರೆ, ನನ್ನ ಕೇಳ್ಬೇಡಿ, ಎತ್ಕೊಂಡು ಹೋಗಿ. ಅಲ್ಲೀವರೆಗೆ ಬಾಯಿ ಒಣಗಿಸ್ಕೊಂಡು ಕೂರೋದ್ಯಾಕೆ? ಬಾದಲ್, ಉಪ್ಪಿನ ಡಬ್ಬ ತಾ. ಮೂರು ಬೆರಳಲ್ಲಿ ಒಂದು ಚಿಟಿಕೆ ತಗೋ."

ಕುದಿಸಿ ಆರಿಸಿದ ನೀರನ್ನು ಹಾಸ್ನಾ ಅರ್ಧ ಲೀಟರ್ ಅಳೆದು ತಂದಳು. ನಾನು ಉಪ್ಪಿಗೆ ಕೈ ಹಾಕಿದೆ.

"ಮೂರು ಬೆರಳು ಅಂದೆ, ಮೊರ ಅನ್ನಲಿಲ್ಲ." ಅಮ್ಮ ನನ್ನ ಬೆರಳು ಹಿಡಿದು, ಹೆಚ್ಚಿನದನ್ನು ಡಬ್ಬಕ್ಕೇ ಉದುರಿಸಿದಳು. "ಮೊದಲ ಗೆಣ್ಣಿನವರೆಗೆ ಮಾತ್ರ. ಬೆಲ್ಲ ಹಾಕೋ ಮುಂಚೆ ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರ್ಬಾರ್ದು."

"ಕಣ್ಣೀರಿನ ರುಚಿ ನನಗೆ ಹೇಗೆ ಗೊತ್ತಾಗ್ಬೇಕು?"

"ನನ್ನ ಕೇಳಿ," ಎಂದಳು ಹಾಸ್ನಾ, "ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ."

ಕೇಳುವ ಅಗತ್ಯ ಬೀಳಲಿಲ್ಲ. ಅಮ್ಮ ಇನ್ನೂ ನನ್ನ ಬೆರಳು ಬಿಟ್ಟಿರಲಿಲ್ಲ. ಊರೂರು ಅಲೆದು, ಉಪ್ಪು ಮುಟ್ಟಿ ಮುಟ್ಟಿ ಒಡೆದಿದ್ದ ಈ ಕೈಯನ್ನು ಕಂಡೇ ಅಲ್ಲವೇ ನಾನು ರಸ್ತೆ ದಾಟುತ್ತಿದ್ದದ್ದು? ಹೋಲಿಸಿ ನೋಡಲು ಬೇಕಾದ ಮಾದರಿ ತಾನಾಗಿಯೇ ಕೆನ್ನೆಯಿಂದಿಳಿದು ತುಟಿಗೆ ಬಂತು. ರುಚಿ ಸರಿಯಾಗಿತ್ತು. ಒಂದು ಹಿಡಿ ಬೆಲ್ಲ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆ.

ಆಟೋ ಬಾಗಿಲಲ್ಲಿ ಬಂದು ನಿಂತಾಗ ಅಮ್ಮ ಹಾಸ್ನಾಳ ಭುಜ ಹಿಡಿದು ಮೂತ್ರಕ್ಕೆದ್ದಳು. ಆಟೋವನ್ನು ಹಾಗೇ ವಾಪಸ್ ಕಳಿಸಿ, ಆ ಶುಭ ಸಮಾಚಾರವನ್ನು ನಾನು ಎದುರುಮನೆಗೂ ಕೂಗಿ ಹೇಳಿದೆನಂತೆ.

ಸಂಜೆ ಅಮ್ಮ ಒರಗಿ ಕೂತು ಗಂಜಿ ಕುಡಿಯುತ್ತಿದ್ದಾಗ ಮೆಲ್ಲಗೆ ಕೇಳಿದೆ: "ನಾನು ಪಾಸಾ ಅಮ್ಮಾ?"

ಅಮ್ಮ ಬಟ್ಟಲು ಕೆಳಗಿಟ್ಟಳು.

"ಅಷ್ಟು ಊರಲ್ಲಿ ಕಲಿಸ್ದೆ. ಇನ್ಸ್‌ಪೆಕ್ಟರ್ ಕೇಳಿದ್ರೆ, ಸಹಿ ಹಾಕೋಕೆ ಬಾರದ ಹೆಂಗಸರೂ ಒಂದಕ್ಷರ ತಪ್ಪದೆ ಹೇಳೋರು. ಅಲ್ಲಾ ದೊಡ್ಡವನು ಕಣಪ್ಪ. ಆ ಇನ್ಸ್‌ಪೆಕ್ಟರ್ ನಮ್ಮನೆಗೆ ಮಾತ್ರ ಬರ್ಲಿಲ್ಲ."